ಕಾಗದ ಮಡಚಿ ರೇಖಾಗಣಿತ: ಎರಡು ಚುಕ್ಕೆಯಿಂದ ಕೋನದ ಮೂರು ಪಾಲಿನವರೆಗೆ

ಒಂದು ಕಾಗದದ ಮೇಲೆ ಎರಡು ಚುಕ್ಕೆ ಇಡಿ. ಒಂದು ಚುಕ್ಕೆ ಇನ್ನೊಂದರ ಮೇಲೆ ಸರಿಯಾಗಿ ಕೂರುವ ಹಾಗೆ ಮಡಚಿ, ಉಗುರಿನಿಂದ ಗಟ್ಟಿಯಾಗಿ ತೀಡಿ, ಬಿಡಿಸಿ. ಈಗ ಕಾಣುವ ಮಡಿಕೆಯ ಮೇಲೆ ಎಲ್ಲಾದರೂ ಒಂದು ಜಾಗ ಆರಿಸಿಕೊಳ್ಳಿ. ಅಲ್ಲಿಂದ ಎರಡೂ ಚುಕ್ಕೆಗಳಿಗೆ ಒಂದೇ ದೂರ. ಅಳೆಯುವ ಅಗತ್ಯವೇ ಇಲ್ಲ. ಮಡಚಿದಾಗ ಆ ಎರಡು ದೂರಗಳೂ ಒಂದರ ಮೇಲೊಂದು ಕೂತಿದ್ದವಲ್ಲ, ಅದೇ ಕಾರಣ.

ಇಲ್ಲಿ ಮುಂದೆ ಬರುವ ಎಲ್ಲವೂ ಈ ಒಂದು ಮಾತಿನ ಮೇಲೆ ನಿಂತಿದೆ. ಮಡಿಕೆ ಎಂದರೆ ಕನ್ನಡಿ. ಒಂದು ಕಡೆ ಇದ್ದದ್ದು ಇನ್ನೊಂದು ಕಡೆ ಅಷ್ಟೇ ದೂರದಲ್ಲಿ, ಅಷ್ಟೇ ಅಳತೆಯಲ್ಲಿ ಬಂದು ಬೀಳುತ್ತದೆ.

ಕೈವಾರ ಹಿಡಿದು ಇದೇ ಗೆರೆಯನ್ನು, ಅಂದರೆ ಲಂಬಾರ್ಧಕವನ್ನು, ಎಳೆಯುವ ಹೈಸ್ಕೂಲು ಮಕ್ಕಳಿಗೆ ಹಂತಗಳು ಬಾಯಿಪಾಠ ಆಗಿರುತ್ತವೆ. ಇಲ್ಲಿಂದ ಒಂದು ಕಂಸ, ಅಲ್ಲಿಂದ ಒಂದು ಕಂಸ, ಆಮೇಲೆ ಸೇರಿಸುವುದು. ಆ ಕಂಸ ಯಾಕೆ ಎಂದು ಕೇಳಿದರೆ ಮಾತ್ರ ತರಗತಿ ಸುಮ್ಮನಾಗುತ್ತದೆ. ಕಾಗದ ಮಡಚಿದ ಮಗುವಿಗೆ ಕಾರಣ ಕೈಯಲ್ಲೇ ಇರುತ್ತದೆ. ಅದಕ್ಕೇ ಕರಾವಳಿಯ ನಮ್ಮ ಶಾಲೆಯಲ್ಲಿ ಕೈವಾರದ ಡಬ್ಬಿ ತೆಗೆಸುವ ಮೊದಲು ನಾನು ಕಾಗದ ಮಡಚಿಸುತ್ತೇನೆ. ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸುವವರಿಗೂ ಇದು ಅಷ್ಟೇ ಸುಲಭ. ಪ್ರತಿ ಮಡಿಕೆಯ ನಂತರ ‘ಯಾಕೆ ಹೀಗಾಯ್ತು?’ ಎಂದು ಕೇಳಿ. ಉತ್ತರ ಬಂದ ಮೇಲೇ ಮುಂದಿನ ಮಡಿಕೆ.

ಈ ದಾರಿ ನಮ್ಮ ದೇಶಕ್ಕೆ ಹೊಸದಲ್ಲ. ಟಿ. ಸುಂದರ ರಾವ್ ಎಂಬವರು 1893ರಲ್ಲೇ ಕಾಗದ ಮಡಚುವ ರೇಖಾಗಣಿತದ ಬಗ್ಗೆ ಮದರಾಸಿನಲ್ಲಿ ಒಂದು ಇಡೀ ಪುಸ್ತಕ ಪ್ರಕಟಿಸಿದ್ದರು. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಎರಡೇ ವರ್ಷದಲ್ಲಿ ತಮ್ಮ ಬರಹದಲ್ಲಿ ಅದನ್ನು ಹೆಸರಿಸಿದರು.

ಮೊದಲು ಕಾಗದ, ಅದರಲ್ಲೂ ಮಳೆಗಾಲದ ಕಾಗದ

ಝೆರಾಕ್ಸ್ ಅಂಗಡಿಯ ಎ4 ಹಾಳೆ ಸಾಕು. ಒಂದು ಬದಿ ಪ್ರಿಂಟ್ ಆದದ್ದಾದರೂ ನಡೆಯುತ್ತದೆ. ನ್ಯೂಸ್‌ಪೇಪರ್ ತುಂಬ ಮೆತ್ತಗೆ, ಮದುವೆ ಕಾಗದ ತುಂಬ ದಪ್ಪ. ಇವುಗಳ ಜೊತೆ ಸ್ವಲ್ಪ ಬಟರ್ ಪೇಪರ್ ತಂದಿಟ್ಟುಕೊಳ್ಳಿ. ಅದರಲ್ಲಿ ಆಚೆ ಬದಿಯ ಚುಕ್ಕೆ ಈಚೆಗೆ ಕಾಣುತ್ತದೆ, ಮಡಿಕೆ ಬೆಳ್ಳಗೆ ಎದ್ದು ಕಾಣುತ್ತದೆ. ಚುಕ್ಕೆಯ ಮೇಲೆ ಚುಕ್ಕೆ ಕೂರಿಸುವ ಕೆಲಸಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಒಂದು ತೊಂದರೆ ಇದೆ. ಕೊಟ್ಟೆ (ಎಲೆಯ ಪೊಟ್ಟಣ) ಕಟ್ಟುವಾಗ ಬಾಳೆ ಎಲೆಯನ್ನು ಬೆಂಕಿಗೆ ಬಾಡಿಸಿ ಮೆತ್ತಗೆ ಮಾಡಿಕೊಳ್ಳುತ್ತೇವೆ, ಇಲ್ಲದಿದ್ದರೆ ಮಡಚಿದಲ್ಲಿ ಸೀಳುತ್ತದೆ. ಕಾಗದದ್ದು ಇದಕ್ಕೆ ತದ್ವಿರುದ್ಧ. ಮೆತ್ತಗಾದ ಕಾಗದ ಮಡಚಲು ಸುಲಭ, ಆದರೆ ಮಡಿಕೆ ನಿಲ್ಲುವುದೇ ಇಲ್ಲ. ಶಿರಸಿಯ ಜುಲೈ ಮಳೆಯಲ್ಲಿ ಹೊರಗೆ ಬಿಟ್ಟ ಹಾಳೆಯ ಮೇಲೆ ಗೆರೆಯೇ ಸರಿಯಾಗಿ ಮೂಡುವುದಿಲ್ಲ. ಹಾಳೆಗಳನ್ನು ಬಾಯಿ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಡಿ. ಬೇಕಾದಾಗ ಹದ ಬಿಸಿಯ ಇಸ್ತ್ರಿ ಪೆಟ್ಟಿಗೆಯನ್ನು ಒಮ್ಮೆ ಮೇಲೆ ಎಳೆಯಿರಿ. ಬಟರ್ ಪೇಪರಿಗೆ ಮಾತ್ರ ಇಸ್ತ್ರಿ ಬೇಡ. ಕೆಲವು ಬಟರ್ ಪೇಪರಿಗೆ ಮೇಣ ಹಚ್ಚಿರುತ್ತಾರೆ, ಕರಗುತ್ತದೆ.

ಹರಿದ ತುಂಡಿನಿಂದ ಆಯತ

ಮಕ್ಕಳಿಗೆ ಮೊದಲ ದಿನ ಎ4 ಹಾಳೆಯನ್ನೇ ಕೊಡಬೇಡಿ. ಅದರಲ್ಲಿ ನೇರ ಅಂಚು, ಲಂಬಕೋನ ಎಲ್ಲವೂ ಸಿದ್ಧವಾಗಿ ಬಂದಿರುತ್ತವೆ. ಸುತ್ತಲೂ ಅಡ್ಡಾದಿಡ್ಡಿ ಹರಿದ ಒಂದು ತುಂಡು ಕೊಡಿ.

ಅದನ್ನು ಎಲ್ಲಾದರೂ ಒಮ್ಮೆ ಮಡಚಿದರೆ ನೇರ ಗೆರೆ ಸಿಗುತ್ತದೆ. ಬಿಡಿಸಿ. ಈಗ ಆ ಗೆರೆಯ ಒಂದು ಭಾಗ ಅದೇ ಗೆರೆಯ ಇನ್ನೊಂದು ಭಾಗದ ಮೇಲೆ ಕೂರುವ ಹಾಗೆ ಮಡಚಿ. ಎರಡನೇ ಮಡಿಕೆ ಮೊದಲನೆಯದಕ್ಕೆ ಲಂಬ. ಯಾಕೆ? ಮಡಿಕೆಯ ಅಕ್ಕಪಕ್ಕದ ಎರಡು ಕೋನಗಳು ಒಂದರ ಮೇಲೊಂದು ಕೂತವು, ಹಾಗಾಗಿ ಸಮ. ಎರಡೂ ಸೇರಿದರೆ ಒಂದು ನೇರ ಗೆರೆ, ಅಂದರೆ 180 ಡಿಗ್ರಿ. ಒಂದೊಂದಕ್ಕೆ 90.

ಕಾಗದದ ಮೇಲಿನ ಯಾವುದೋ ಒಂದು ಚುಕ್ಕೆಯ ಮೂಲಕವೇ ಲಂಬ ಹಾಯಬೇಕು ಅಂದರೆ, ಗೆರೆಯನ್ನು ಗೆರೆಯ ಮೇಲೆ ಇಟ್ಟುಕೊಂಡೇ ಮೆಲ್ಲಗೆ ಜಾರಿಸಿ. ಮಡಿಕೆ ಚುಕ್ಕೆಗೆ ಬಂದಾಗ ಒತ್ತಿ. ಸಮಾಂತರ ಗೆರೆ ಬೇಕಿದ್ದರೆ ಲಂಬಕ್ಕೆ ಇನ್ನೊಂದು ಲಂಬ. ಹೀಗೆ ನಾಲ್ಕು ಮಡಿಕೆಯಲ್ಲಿ ಹರಿದ ತುಂಡಿನ ಒಳಗೆ ಒಂದು ಆಯತ ಮೂಡುತ್ತದೆ.

ಇದರ ಜೊತೆಗೆ ಇನ್ನೊಂದು ಮಡಿಕೆ ಗೊತ್ತಿರಬೇಕು. ಒಂದು ಗೆರೆಯನ್ನು ಇನ್ನೊಂದು ಗೆರೆಯ ಮೇಲೆ ಕೂರಿಸಿದರೆ ಅವುಗಳ ನಡುವಿನ ಕೋನ ಸರಿ ಅರ್ಧ ಆಗುತ್ತದೆ. ಅದು ಕೋನಾರ್ಧಕ.

ಈಗ ಎ4 ಹಾಳೆ ತೆಗೆಯಬಹುದು. ಗಿಡ್ಡ ಅಂಚನ್ನು ಉದ್ದ ಅಂಚಿನ ಮೇಲೆ ಕೂರಿಸಿ ಮಡಚಿದರೆ ಚೌಕದ ಕರ್ಣ ಸಿಗುತ್ತದೆ. ಉಳಿದ ಪಟ್ಟಿಯನ್ನು ಕತ್ತರಿಸಿದರೆ ಚೌಕ. ಕತ್ತರಿಸುವ ಮೊದಲು ಇನ್ನೊಂದು ಎ4 ಹಾಳೆಯ ಉದ್ದ ಅಂಚನ್ನು ಆ ಕರ್ಣದ ಪಕ್ಕ ಇಟ್ಟು ನೋಡಿ. ಎರಡೂ ಒಂದೇ ಉದ್ದ! ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. 210ರ ಚೌಕದ ಕರ್ಣ 296.98. ಅಡ್ಡಕ್ಕೆ ಅರ್ಧ ಕತ್ತರಿಸಿದರೂ ಆಕಾರ ಬದಲಾಗಬಾರದು ಎಂಬ ಲೆಕ್ಕದಲ್ಲೇ ಈ ಅಳತೆ ಇಟ್ಟಿದ್ದಾರೆ, ಹಾಗಾಗಿ ಎರಡರ ವರ್ಗಮೂಲ ಪ್ರತಿ ಹಾಳೆಯಲ್ಲೂ ಕೂತಿದೆ.

ಸಮಬಾಹು ತ್ರಿಭುಜ

ಚೌಕದ ಎಡ ಅಂಚನ್ನು ಬಲ ಅಂಚಿನ ಮೇಲೆ ತಂದು ಮಡಚಿ, ಬಿಡಿಸಿ. ನಡುವೆ ಒಂದು ನೆಟ್ಟಗಿನ ಮಡಿಕೆ ಬಂತು. ಈಗ ಕೆಳಗಿನ ಎಡ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಕೆಳಗಿನ ಬಲ ಮೂಲೆಯನ್ನು ಎತ್ತಿ ಆ ನಡು ಮಡಿಕೆಯ ಮೇಲೆ ಕೂರಿಸಿ. ಮಡಿಕೆ ಎಡ ಮೂಲೆಯಿಂದಲೇ ಹೊರಡಬೇಕು, ಒಂದು ಕೂದಲಿನಷ್ಟೂ ಆಚೀಚೆ ಆಗಬಾರದು. ಮೂಲೆ ಬಿದ್ದ ಜಾಗಕ್ಕೆ ಚುಕ್ಕೆ ಇಟ್ಟು ಬಿಡಿಸಿ. ಆ ಚುಕ್ಕೆಯಿಂದ ಕೆಳಗಿನ ಎರಡೂ ಮೂಲೆಗಳಿಗೆ ಮಡಿಕೆ ಹಾಕಿದರೆ ಸಮಬಾಹು ತ್ರಿಭುಜ ತಯಾರು.

ಕಾರಣವನ್ನು ಮಕ್ಕಳೇ ಹೇಳಲಿ. ಎಡ ಮೂಲೆಯಿಂದ ಚುಕ್ಕೆಗೆ ಇರುವ ದೂರ ಚೌಕದ ಕೆಳ ಅಂಚೇ ತಾನೆ, ಎದ್ದು ಜಾಗ ಬದಲಿಸಿದೆ ಅಷ್ಟೆ. ಚುಕ್ಕೆ ನಡು ಮಡಿಕೆಯ ಮೇಲಿದೆ, ಹಾಗಾಗಿ ಎರಡು ಮೂಲೆಗೂ ಸಮ ದೂರ. ಮೂರೂ ಬದಿ ಒಂದೇ ಆಯಿತು. 60 ಡಿಗ್ರಿ ಕೈಗೆ ಬಂತು, ಮೂಲೆ ಎತ್ತಿದ ಮಡಿಕೆಯಲ್ಲಿ 30 ಡಿಗ್ರಿಯೂ ಬಂತು. ಈ ಚೌಕವನ್ನು ಎಸೆಯಬೇಡಿ, ಕೊನೆಯಲ್ಲಿ ಬೇಕು.

ಮೂರು ಊರಿಗೂ ಸಮ ದೂರ ಎಲ್ಲಿ?

ತ್ರಿಭುಜದ ಮೂರು ಮೂಲೆಗೂ ಸಮ ದೂರದಲ್ಲಿರುವ ಬಿಂದು ಪರಿಕೇಂದ್ರ. ಅದರ ಪಾಠವನ್ನು ನಾನು ಮಾಡುವುದು ನಮ್ಮ ಉತ್ತರ ಕನ್ನಡ ಜಿಲ್ಲೆಯ ನಕಾಶೆಯ ಮೇಲೆ. ಒಂದು ಸೆಂಟಿಮೀಟರ್‌ಗೆ ಸುಮಾರು 10 ಕಿಲೋಮೀಟರ್ ಇರುವ ನಕಾಶೆ ಸಾಕು. ಅದರ ಮೇಲೆ ಬಟರ್ ಪೇಪರ್ ಇಟ್ಟು ಕರಾವಳಿಯ ಗೆರೆಯನ್ನು ತಿದ್ದಿ. ಎಡಕ್ಕೆ ಸಮುದ್ರದ ಕಡೆ ಧಾರಾಳವಾಗಿ ಜಾಗ ಬಿಡಿ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಶಿರಸಿ, ಈ ಐದು ಊರಿಗೆ ಚುಕ್ಕೆ ಇಡಿ. ಇಂಥ ಎರಡು ಹಾಳೆ ಮಾಡಿಕೊಳ್ಳಿ.

ಮೊದಲ ಹಾಳೆಯಲ್ಲಿ ಕಾರವಾರ, ಹೊನ್ನಾವರ, ಶಿರಸಿ ತೆಗೆದುಕೊಳ್ಳಿ. ಕಾರವಾರದ ಚುಕ್ಕೆಯನ್ನು ಹೊನ್ನಾವರದ ಮೇಲೆ ಕೂರಿಸಿ ಮಡಚಿ, ಬಿಡಿಸಿ. ಆ ಮಡಿಕೆಯ ಮೇಲೆ ಎಲ್ಲಿ ನಿಂತರೂ ಕಾರವಾರಕ್ಕೂ ಹೊನ್ನಾವರಕ್ಕೂ ಒಂದೇ ದೂರ. ಆಮೇಲೆ ಕಾರವಾರವನ್ನು ಶಿರಸಿಯ ಮೇಲೆ ಕೂರಿಸಿ. ಎರಡು ಮಡಿಕೆಗಳು ಒಂದು ಕಡೆ ಕೂಡುತ್ತವೆ. ಇಲ್ಲಿ ನಿಲ್ಲಿಸಿ. ಹೊನ್ನಾವರವನ್ನು ಶಿರಸಿಯ ಮೇಲೆ ಮಡಚಿದರೆ ಮೂರನೇ ಮಡಿಕೆ ಎಲ್ಲಿ ಹಾಯುತ್ತದೆ ಎಂದು ಮೊದಲು ಊಹಿಸಲು ಹೇಳಿ. ಬೇರೆ ಬೇರೆ ಉತ್ತರ ಬರುತ್ತವೆ. ಮಡಚಿದಾಗ ಅದು ಅದೇ ಬಿಂದುವಿನಲ್ಲೇ ಹಾದುಹೋಗುತ್ತದೆ. ಅಲ್ಲಿಂದ ಕಾರವಾರದ ದೂರ ಹೊನ್ನಾವರದ ದೂರಕ್ಕೆ ಸಮ, ಶಿರಸಿಯ ದೂರಕ್ಕೂ ಸಮ. ಅಂದಮೇಲೆ ಹೊನ್ನಾವರ, ಶಿರಸಿ ಬೇರೆ ಆಗುವುದು ಹೇಗೆ?

ಆ ಬಿಂದು ಅಂಕೋಲೆಯ ಪೂರ್ವಕ್ಕೆ, ಯಾಣದ ದಾರಿ ಹಿಡಿಯುವ ಮೊದಲು, ಘಟ್ಟದ ಬುಡದ ಕಾಡಿನ ಕಡೆ ಬೀಳುತ್ತದೆ. ಮೂರು ಊರಿಗೂ ಅಲ್ಲಿಂದ ಸುಮಾರು 40 ಕಿಲೋಮೀಟರ್. ಇದು ಹಕ್ಕಿ ಹಾರುವ ದೂರ ಎಂದು ಮಕ್ಕಳಿಗೆ ಹೇಳಲೇಬೇಕು. ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಹೋದವರಿಗೆ ಎರಡರ ವ್ಯತ್ಯಾಸ ಬೇಗ ಅರ್ಥ ಆಗುತ್ತದೆ.

ಎರಡನೇ ಹಾಳೆಯಲ್ಲಿ ಕಾರವಾರ, ಅಂಕೋಲಾ, ಕುಮಟಾ. ಇವು ಮೂರೂ ದಂಡೆಯ ಉದ್ದಕ್ಕೆ ಹೆಚ್ಚು ಕಡಿಮೆ ಒಂದೇ ಸಾಲಿನಲ್ಲಿವೆ. ಕಾರವಾರವನ್ನು ಅಂಕೋಲೆಯ ಮೇಲೆ, ಅಂಕೋಲೆಯನ್ನು ಕುಮಟೆಯ ಮೇಲೆ ಮಡಚಿ. ಎರಡು ಮಡಿಕೆಗಳು ಊರುಗಳ ಹತ್ತಿರ ಎಲ್ಲೂ ಕೂಡುವುದಿಲ್ಲ. ಪಶ್ಚಿಮಕ್ಕೆ ಸಾಗುತ್ತಾ ಹೋಗಿ, ದಂಡೆಯಿಂದ ಬಹಳ ದೂರದಲ್ಲಿ ಸೇರುತ್ತವೆ. “ಅಕ್ಕೋರೇ, ಇದು ಸಮುದ್ರದೊಳಗೆ ಬಿತ್ತು!” ಎಂದು ಮಕ್ಕಳು ಕೂಗುವುದು ಇಲ್ಲೇ. ವಿಶಾಲಕೋನ (90 ಡಿಗ್ರಿಗಿಂತ ದೊಡ್ಡ ಕೋನ ಇರುವ) ತ್ರಿಭುಜದ ಪರಿಕೇಂದ್ರ ತ್ರಿಭುಜದ ಹೊರಗೆ ಇರುತ್ತದೆ ಎಂಬ ವಾಕ್ಯವನ್ನು ನಾನು ಆಮೇಲೆ ಬೋರ್ಡಿನ ಮೇಲೆ ಬರೆಯುತ್ತೇನೆ. ಆಗ ಅದನ್ನು ಯಾರೂ ಉರು ಹೊಡೆಯಬೇಕಾಗಿಲ್ಲ.

ತ್ರಿಭುಜದ ಉಳಿದ ಕೇಂದ್ರಗಳಿಗೂ ಇದೇ ಕ್ರಮ. ಬದಿಯನ್ನು ಬದಿಯ ಮೇಲೆ ಕೂರಿಸುತ್ತ ಹೋದರೆ ಅಂತಃಕೇಂದ್ರ, ಅಂದರೆ ಮೂರು ಬದಿಗೂ ಸಮ ದೂರದ ಬಿಂದು. ಪ್ರತಿ ಬದಿಯ ಮಧ್ಯಬಿಂದುವನ್ನು ಚಿವುಟಿ ಗುರುತಿಸಿ, ಎದುರಿನ ಮೂಲೆಗೆ ಮಡಚಿದರೆ ಗುರುತ್ವಕೇಂದ್ರ. ಇದಕ್ಕೆ ಮಾತ್ರ ದಪ್ಪ ರಟ್ಟಿನ ತ್ರಿಭುಜ ಕತ್ತರಿಸಿ, ಬಿಂದುವನ್ನು ರಟ್ಟಿಗೆ ಇಳಿಸಿ, ಪೆನ್ಸಿಲ್ ತುದಿಯ ಮೇಲೆ ನಿಲ್ಲಿಸಿ ನೋಡಿ.

ನೇರ ಮಡಿಕೆಗಳಿಂದ ಬಾಗಿದ ಗೆರೆ

ಎ4 ಹಾಳೆಯನ್ನು ಅಡ್ಡಕ್ಕೆ ಇಡಿ. ಕೆಳಗಿನ ಅಂಚಿನ ನಡುವಿನಿಂದ ಮೂರು ಸೆಂಟಿಮೀಟರ್ ಮೇಲೆ ಒಂದು ಚುಕ್ಕೆ. ಕೆಳ ಅಂಚಿನ ಯಾವುದಾದರೂ ಒಂದು ಜಾಗ ಆ ಚುಕ್ಕೆಯ ಮೇಲೆ ಕೂರುವ ಹಾಗೆ ಮಡಚಿ, ಬಿಡಿಸಿ. ಅಂಚಿನ ಇನ್ನೊಂದು ಜಾಗ ಹಿಡಿದು ಮತ್ತೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೊಂದು ಸೆಂಟಿಮೀಟರ್ ಬಿಟ್ಟು ಮಡಚುತ್ತ ಹೋಗಿ. ಹತ್ತು ಮಡಿಕೆಯವರೆಗೆ ಏನೂ ಕಾಣುವುದಿಲ್ಲ, ಬೇಸರ ಮಾಡಬೇಡಿ. ಇಪ್ಪತ್ತು ದಾಟುವಾಗ ಚುಕ್ಕೆಯ ಸುತ್ತ ನುಣುಪಾದ ಒಂದು ಬಾಗು ಏಳುತ್ತದೆ. ಅದು ಪರವಲಯ. ಮನೆ ಮಾಡಿನ ಮೇಲಿನ ಡಿಶ್ ಆಂಟೆನಾವನ್ನು ನಡುವೆ ಸೀಳಿದರೆ ಇದೇ ಗೆರೆ ಸಿಗುತ್ತದೆ.

ಪರವಲಯದ ಪ್ರತಿ ಬಿಂದುವೂ ಚುಕ್ಕೆಗೂ ಕೆಳ ಅಂಚಿಗೂ ಸಮ ದೂರದಲ್ಲಿದೆ. ಇದು ಮತ್ತೆ ಮೊದಲಿನ ಮಾತೇ. ಅಂಚಿನ ಒಂದು ಜಾಗವನ್ನು ಚುಕ್ಕೆಯ ಮೇಲೆ ತಂದಾಗ, ಆ ಜಾಗದಿಂದ ನೆಟ್ಟಗೆ ಮೇಲೆ ಹೋದರೆ ಮಡಿಕೆಯನ್ನು ಮುಟ್ಟುವ ಬಿಂದು ಇದೆಯಲ್ಲ, ಅಲ್ಲೇ ಮಡಿಕೆ ಪರವಲಯವನ್ನು ಸವರಿಕೊಂಡು ಹೋಗುತ್ತದೆ. ಚುಕ್ಕೆಯನ್ನು ಅಂಚಿಗೆ ಹತ್ತಿರ ಇಟ್ಟರೆ ಬಾಗು ಕಿರಿದಾಗುತ್ತದೆ, ದೂರ ಇಟ್ಟರೆ ಅಗಲ. ಒಂದು ತಟ್ಟೆಯ ಅಂಚು ಹಿಡಿದು ವೃತ್ತ ಕತ್ತರಿಸಿ, ಒಳಗೆ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಚುಕ್ಕೆ ಇಟ್ಟು, ವೃತ್ತದ ಅಂಚನ್ನು ಅದೇ ರೀತಿ ಮಡಚುತ್ತ ಬಂದರೆ ದೀರ್ಘವೃತ್ತ ಬರುತ್ತದೆ.

ಕೈ ಬೇಜಾರಾದಾಗ ಒಂದು ಸಣ್ಣ ಕೆಲಸ. ಎ4 ಹಾಳೆಯಿಂದ ಎರಡು ಸೆಂಟಿಮೀಟರ್ ಅಗಲದ ಉದ್ದನೆಯ ಪಟ್ಟಿ ಕತ್ತರಿಸಿ, ದಾರಕ್ಕೆ ಹಾಕುವ ಹಾಗೆ ಸಾದಾ ಗಂಟು ಹಾಕಿ. ಮೆಲ್ಲಗೆ ಬಿಗಿ ಮಾಡುತ್ತ ಚಪ್ಪಟೆಯಾಗಿ ಒತ್ತಿ. ಐದೂ ಬದಿ ಸಮ ಇರುವ ಪಂಚಭುಜ ಬರುತ್ತದೆ. ಬೆಳಕಿಗೆ ಹಿಡಿದರೆ ಒಳಗೆ ಕರ್ಣಗಳೂ ಕಾಣುತ್ತವೆ. ಅಂಗಡಿಯ ಬಿಲ್ಲಿನ ಕಾಗದ ಉದ್ದ ಇದೆ ಎಂದು ಅದನ್ನು ತೆಗೆದುಕೊಳ್ಳಬೇಡಿ, ಉಗುರು ತೀಡಿದಲ್ಲೆಲ್ಲ ಬಿಸಿಗೆ ಕಪ್ಪಾಗುತ್ತದೆ.

ಮೂರನೇ ಒಂದು ಪಾಲು

ಅರ್ಧ, ಕಾಲು, ಅರೆಕಾಲು ಮಡಚುವುದು ಎಲ್ಲರಿಗೂ ಬರುತ್ತದೆ. ಮೂರು ಪಾಲು ಮಾಡುವಾಗ ಅಂದಾಜಿನ ಕೆಲಸ ಶುರು. ಜಪಾನಿನ ಕಝುವೊ ಹಾಗಾ ತೋರಿಸಿದ ದಾರಿಯಲ್ಲಿ ಅಂದಾಜು ಬೇಡ. 16 ಸೆಂಟಿಮೀಟರ್‌ನ ಚೌಕ ತೆಗೆದುಕೊಳ್ಳಿ. ಮೇಲಿನ ಅಂಚಿನ ಮಧ್ಯವನ್ನು ಚಿವುಟಿ ಗುರುತು ಮಾಡಿ. ಕೆಳಗಿನ ಬಲ ಮೂಲೆಯನ್ನು ಆ ಗುರುತಿನ ಮೇಲೆ ಕೂರಿಸಿ ಮಡಚಿ. ಈಗ ಓರೆಯಾಗಿರುವ ಕೆಳ ಅಂಚು ಎಡ ಅಂಚನ್ನು ಎಲ್ಲಿ ದಾಟುತ್ತದೋ ಅಲ್ಲಿ ಚುಕ್ಕೆ ಇಡಿ. ಕೆಳಗಿನ ಮೂಲೆಯಿಂದ ಅಲ್ಲಿಗೆ ಬದಿಯ ಸರಿಯಾಗಿ ಮೂರನೇ ಒಂದು ಭಾಗ.

ಬಲ ಮೇಲ್ಮೂಲೆಯಲ್ಲಿ ಉಳಿದ ಪುಟ್ಟ ಲಂಬಕೋನ ತ್ರಿಭುಜವನ್ನು ಸ್ಕೇಲಿನಿಂದ ಅಳೆಯಿರಿ. 6, 8, 10 ಸೆಂಟಿಮೀಟರ್. ಎಡಗಡೆಯ ತ್ರಿಭುಜಕ್ಕೂ ಇದಕ್ಕೂ ಕೋನಗಳು ಒಂದೇ. ಅದರ ಸಣ್ಣ ಬದಿ 8 ಆದರೆ ಎಡ ಅಂಚಿನ ಮೇಲಿರುವ ಬದಿ ಎಷ್ಟು ಎಂದು ಹತ್ತನೇ ತರಗತಿಯ ಮಗು ಲೆಕ್ಕ ಮಾಡಲಿ. 16ರ ಮೂರನೇ ಎರಡು ಭಾಗ ಬರುತ್ತದೆ.

ಕೈವಾರಕ್ಕೆ ಆಗದ್ದು

ಈಗ ನನಗೆ ಅತಿ ಇಷ್ಟವಾದ ಮಡಿಕೆ. ಯಾವುದೇ ಕೋನವನ್ನು ಬರೀ ಕೈವಾರ, ಗುರುತಿಲ್ಲದ ಅಳತೆಪಟ್ಟಿ ಹಿಡಿದು ಮೂರು ಸಮ ಪಾಲು ಮಾಡಲು ಎರಡು ಸಾವಿರ ವರ್ಷ ಜನ ಹೆಣಗಿದರು. ಪ್ರತಿ ಕೋನಕ್ಕೂ ಒಗ್ಗುವ ಅಂಥ ದಾರಿ ಇಲ್ಲವೇ ಇಲ್ಲ ಎಂದು ಫ್ರಾನ್ಸಿನ ಪಿಯೆರ್ ವಾಂಟ್ಸೆಲ್ 1837ರಲ್ಲಿ ಸಾಧಿಸಿದರು. 60 ಡಿಗ್ರಿಯಿಂದ 20 ಡಿಗ್ರಿ ತೆಗೆಯಲೂ ಆಗುವುದಿಲ್ಲ. ಕಾಗದದಲ್ಲಿ ಆಗುತ್ತದೆ. ಕಾರಣ, ಕಾಗದದಲ್ಲಿ ಎರಡು ಬಿಂದುಗಳನ್ನು ಎರಡು ಗೆರೆಗಳ ಮೇಲೆ ಒಂದೇ ಮಡಿಕೆಯಲ್ಲಿ ಕೂರಿಸಬಹುದು. ಇದು ಕೈವಾರದ ಕೈಗೆ ಮೀರಿದ್ದು. ಇಟಲಿಯ ಮಾರ್ಗೆರಿಟಾ ಬೆಲೋಕ್ 1936ರಲ್ಲಿ ಇದೇ ಮಡಿಕೆಯಿಂದ ಘನಮೂಲ ತೆಗೆದು ತೋರಿಸಿದರು. ಕೋನಕ್ಕೆ ಈ ಕೆಳಗಿನ ಕ್ರಮ ಕೊಟ್ಟವರು ಜಪಾನಿನ ಹಿಸಾಶಿ ಅಬೆ.

ಎತ್ತಿಟ್ಟ ಚೌಕ ತೆಗೆಯಿರಿ. ಕೆಳಗಿನ ಎಡ ಮೂಲೆಗೆ ‘ಕ’ ಎಂದು ಬರೆಯಿರಿ. ಅಲ್ಲಿಂದ ಹೊರಟ 60 ಡಿಗ್ರಿಯ ಗೆರೆಯನ್ನು ಚೌಕದ ಮೇಲಂಚಿನವರೆಗೆ ಪೆನ್ಸಿಲಿನಿಂದ ದಪ್ಪ ಮಾಡಿ.

1. ಕೆಳ ಅಂಚನ್ನು ಮೇಲಿನ ಅಂಚಿಗೆ ತಂದು ಅರ್ಧ ಮಡಚಿ, ಬಿಡಿಸಿ. ಈ ಮಡಿಕೆ ಎಡ ಅಂಚನ್ನು ಮುಟ್ಟುವ ಜಾಗ ‘ಚ’.

2. ಕೆಳ ಅಂಚನ್ನು ಈ ಅರ್ಧದ ಮಡಿಕೆಗೆ ತಂದು ಮತ್ತೆ ಮಡಚಿ, ಬಿಡಿಸಿ. ಇದು ಕಾಲು ಮಡಿಕೆ. ಎಡ ಅಂಚಿನ ಮೇಲೆ ಇದರ ಜಾಗ ‘ಗ’. ಕ, ಚ ಎರಡರ ಸರಿ ನಡುವೆ ಗ ಇದೆ.

3. ಈಗ ಕ ಮೂಲೆಯನ್ನು ಎತ್ತಿ ಕಾಲು ಮಡಿಕೆಯ ಮೇಲೆ ಇಡಿ. ಅದನ್ನು ಆ ಮಡಿಕೆಯ ಮೇಲೇ ಆಚೀಚೆ ಜಾರಿಸುತ್ತ, ಚ ಬಿಂದು ಓರೆ ಗೆರೆಯ ಮೇಲೆ ಬರುವವರೆಗೆ ನೋಡಿ. ಎರಡೂ ಕೂತಾಗ ಮಾತ್ರ ಒತ್ತಿ. ಅವಸರ ಬೇಡ.

4. ಬಿಡಿಸುವ ಮೊದಲು ಕ ಬಿದ್ದ ಜಾಗಕ್ಕೆ ‘ತ’, ಗ ಬಿದ್ದ ಜಾಗಕ್ಕೆ ‘ದ’, ಚ ಬಿದ್ದ ಜಾಗಕ್ಕೆ ‘ನ’ ಎಂದು ಗುರುತು ಹಾಕಿ.

5. ಬಿಡಿಸಿ, ಕ ಮತ್ತು ತ ಮೂಲಕ ಒಂದು ಮಡಿಕೆ, ಕ ಮತ್ತು ದ ಮೂಲಕ ಇನ್ನೊಂದು. 60 ಡಿಗ್ರಿ ಮೂರು ಪಾಲಾಯಿತು.

ನಂಬಬೇಡಿ, ಮಡಚಿ ನೋಡಿ. ಕ-ತ ಗೆರೆಯ ಮೇಲೆ ಮಡಚಿದರೆ ಕೆಳ ಅಂಚು ಕ-ದ ಗೆರೆಯ ಮೇಲೆ ಬಂದು ಕೂರುತ್ತದೆ. ಕ-ದ ಗೆರೆಯ ಮೇಲೆ ಮಡಚಿದರೆ ಕ-ತ ಗೆರೆ ಓರೆ ಗೆರೆಯನ್ನು ಮುಚ್ಚುತ್ತದೆ.

ಕಾರಣ ಹೀಗಿದೆ. ಎಡ ಅಂಚಿನ ಕ-ಗ-ಚ ತುಂಡೇ ಮಡಚಿದಾಗ ತ-ದ-ನ ಆಯಿತು. ಹಾಗಾಗಿ ತ-ದ, ದ-ನ ಎರಡೂ ಸಮ. ಕಾಲು ಮಡಿಕೆ ಎಡ ಅಂಚಿಗೆ ಗ ಬಿಂದುವಿನಲ್ಲಿ ಲಂಬವಾಗಿತ್ತು, ಅದರ ಮೇಲೆಯೇ ತ ಇದೆ. ಕನ್ನಡಿಯ ಆಚೆ ಕ ಹೋಗಿ ತ ಆದರೆ, ತ ಬಂದು ಕ ಆಗುತ್ತದೆ. ಆದ್ದರಿಂದ ಕ-ದ ಗೆರೆ ತ-ನ ಗೆರೆಗೆ ಲಂಬ. ಇನ್ನು ತ ಬಿಂದುವಿನಿಂದ ಕೆಳ ಅಂಚಿಗೆ ಒಂದು ಲಂಬ ಇಳಿಸಿ. ಅದರ ಉದ್ದ ಕಾಲು ಮಡಿಕೆಯ ಎತ್ತರವೇ, ಅಂದರೆ ಕ-ಗ, ಅಂದರೆ ತ-ದ. ಈಗ ಕ ಮೂಲೆಯಲ್ಲಿ ಮೂರು ಲಂಬಕೋನ ತ್ರಿಭುಜಗಳು ಒಂದಕ್ಕೊಂದು ತಾಗಿ ಕೂತಿವೆ, ಮೂರೂ ಸರ್ವಸಮ, ಅಂದರೆ ಆಕಾರ, ಅಳತೆ ಎರಡರಲ್ಲೂ ಒಂದೇ. ಹಾಗಾಗಿ ಕ ಹತ್ತಿರದ ಮೂರು ಕೋನಗಳೂ ಒಂದೇ.

ಕೋನ ಚಿಕ್ಕದಿದ್ದರೆ ಚ ಬಿಂದು ಎಷ್ಟು ಜಾರಿಸಿದರೂ ಓರೆ ಗೆರೆಯನ್ನು ಮುಟ್ಟುವುದಿಲ್ಲ, ಕಾಗದ ಮುಗಿದುಹೋಗುತ್ತದೆ. ಆಗ ಒಂದನೇ ಹಂತದ ಅಡ್ಡ ಮಡಿಕೆಯನ್ನು ಕೆಳಗೆ ಹಾಕಿಕೊಳ್ಳಿ. ಅರ್ಧದಲ್ಲೇ ಇರಬೇಕೆಂದಿಲ್ಲ, ಕೆಳ ಅಂಚಿಗೆ ಸಮಾಂತರ ಇದ್ದರೆ ಸಾಕು. ಎರಡನೆಯದು ಅದರ ಅರ್ಧ ಎತ್ತರದಲ್ಲಿರಬೇಕು. 90 ಡಿಗ್ರಿಗಿಂತ ಜಾಸ್ತಿ ಕೋನವಾದರೆ, ಮೊದಲು ಲಂಬ ಹಾಕಿ 90ನ್ನು ಬೇರೆ ಮಾಡಿ. ಅದರ ಮೂರನೇ ಪಾಲು 30 ಡಿಗ್ರಿ ಆಗಲೇ ಗೊತ್ತು. ಉಳಿದ ಲಘುಕೋನವನ್ನು ಹೀಗೆ ಮೂರು ಪಾಲು ಮಾಡಿ, ಒಂದು ಪಾಲನ್ನು 30ಕ್ಕೆ ಸೇರಿಸಿ.

ಮಡಿಕೆ ಎಷ್ಟು ಸರಿ ಬಂದಿದೆ ಎಂದು ತಿಳಿಯಲು ಒಂಬತ್ತು ಬದಿಯ ಆಕೃತಿ ಮಾಡಿ. ಕೆಳ ಅಂಚಿನಿಂದ ಕ-ದ ಗೆರೆಯವರೆಗೆ 40 ಡಿಗ್ರಿ. ಆ ತುಂಡನ್ನು ಕತ್ತರಿಸಿ ಅಚ್ಚು ಮಾಡಿಕೊಳ್ಳಿ. ಒಂದು ವೃತ್ತ ಕತ್ತರಿಸಿ, ಎರಡು ಸಲ ಅರ್ಧ ಮಡಚಿ ಕೇಂದ್ರ ಹುಡುಕಿ. ಅಚ್ಚಿನ ತುದಿಯನ್ನು ಕೇಂದ್ರದಲ್ಲಿಟ್ಟು, ಒಂದರ ಪಕ್ಕ ಒಂದು ಒಂಬತ್ತು ಸಲ ಗೆರೆ ಹಾಕಿ. ವೃತ್ತದ ಅಂಚಿನ ಮೇಲೆ ಬಂದ ಒಂಬತ್ತು ಬಿಂದುಗಳನ್ನು ಪಕ್ಕಪಕ್ಕಕ್ಕೆ ಸೇರಿಸಿದರೆ ಆಕೃತಿ ಮುಗಿಯಿತು. ಕೈವಾರದಿಂದ ಇದನ್ನೂ ಎಳೆಯಲು ಆಗುವುದಿಲ್ಲ. ಕೊನೆಯ ಗೆರೆ ಮೊದಲನೆಯದರ ಮೇಲೆಯೇ ಬಿದ್ದರೆ ನಿಮ್ಮ ಮಡಿಕೆ ಸರಿ. ಅಚ್ಚಿನ ಸಣ್ಣ ತಪ್ಪೂ ಇಲ್ಲಿ ಒಂಬತ್ತು ಪಟ್ಟು ಆಗಿ ಕಾಣುತ್ತದೆ. ಹಾಗೆ ತೆರಪು ಉಳಿದರೆ ಅಥವಾ ಒಂದರ ಮೇಲೊಂದು ಏರಿದರೆ ಮೂರನೇ ಹಂತವನ್ನು ಹೊಸ ಚೌಕದಲ್ಲಿ, ಬಟರ್ ಪೇಪರಿನಲ್ಲಿ, ಇನ್ನೊಮ್ಮೆ ಮಾಡಿ.